ಪಾಸ್ ಕೊಟ್ಟ ಮೇಲಿನ ಕಾಲು

ಮಗಳ ಕಾಲಲ್ಲಿ ಚೆಂಡಿರುವವರೆಗೆ ನನಗೆ ಭಯವಿಲ್ಲ. ಅವಳು ಪಾಸ್ ಕೊಟ್ಟಳೋ, ಶುರು. ಮೈದಾನದಲ್ಲಿರುವ ಕಣ್ಣೆಲ್ಲ ಚೆಂಡಿನ ಹಿಂದೆ ಓಡುತ್ತದೆ. ಅದೇ ಹೊತ್ತಿಗೆ ಯಾವಳೋ ಒಬ್ಬಳು ತಡವಾಗಿ ಜಾರಿಕೊಂಡು ಬಂದು ಇವಳ ಕಾಲಿಗೆ ಬಡಿಯುತ್ತಾಳೆ. ಹೋದ ವರ್ಷ ಮೊಣಕಾಲಿಗೆ ಆಪರೇಷನ್ ಆಗಿದ್ದು ಹೀಗೇ. ಅಲ್ಲೇ ಇನ್ನೊಂದು ಏಟು ಬಿದ್ದರೆ ಆಟ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಇವಳು ಮರೆಯುವ ಪೈಕಿಯೇ?

ನಾನು ಬಂಗಾರಪೇಟೆ ಕಡೆಯ ಹಳ್ಳಿಯವಳು, ಹಸು ಕರೆದು ಬೆಳೆದವಳು. ಒದೆಯುವ ಹಸುವಿನ ಪಕ್ಕ ಕೂತರೆ ಕಣ್ಣು ಹಿಂಗಾಲಿನ ಮೇಲಿರಬೇಕು, ಪಾತ್ರೆಯ ಮೇಲಲ್ಲ. ಮದುವೆಯಾಗಿ ಕೆಜಿಎಫ್‌ಗೆ ಬಂದಾಗ ಇಲ್ಲಿಯವರ ಫುಟ್‌ಬಾಲ್ ಹುಚ್ಚು ಕಂಡು ನಗುತ್ತಿದ್ದೆ. ಈಗ ಆಫ್‌ಸೈಡಿಗೆ ನಾನೇ ಜಗಳಕ್ಕೆ ನಿಲ್ಲುತ್ತೇನೆ, ಆ ಮಾತು ಬೇರೆ.

ಆಪರೇಷನ್ ಆದ ಮೇಲೆ ಅವಳ ಮೊದಲ ಮ್ಯಾಚು ಇಲ್ಲಿಯ ನಂದಿದುರ್ಗ ಗಣಿಯ ಮೈದಾನದಲ್ಲಿ. ರೆಫರಿ ಚಾಂಪಿಯನ್ ರೀಫ್ಸ್ ಲೈನುಮನೆಗಳ ಹಿರಿಯರು, ಗಣಿಯಲ್ಲಿ ದುಡಿದವರು. ನಾಚಿಕೆ ಬಿಟ್ಟು ಅವರ ಹತ್ತಿರ ಹೋಗಿ, ಚೆಂಡು ಹೋದ ಮೇಲೆ ಕಾಲಿಗೆ ಹೊಡೆದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಬೂಟಿನ ದಾರ ಬಿಗಿಯುತ್ತಲೇ ಹೇಳಿದರು: ಅದು ತಪ್ಪೇ, ಕಾಲು ಮುರಿಯುವಂಥ ಏಟಾದರೆ ಕೆಂಪು ಕಾರ್ಡು. ಆದರೆ ಪಾಸ್ ನಿಮ್ಮವರಿಗೇ ಸಿಕ್ಕಿ ಗೋಲಾಗುವ ಹಾಗಿದ್ದರೆ ಸೀಟಿ ಊದದೆ ಆಟ ಮುಂದುವರಿಯಲು ಬಿಡಬಹುದು, ಕಾರ್ಡು ಆಮೇಲೆ ಕೊಟ್ಟರಾಯಿತು. ಅಂದರೆ ನನ್ನ ಮಗಳು ನೆಲದಲ್ಲಿ ಬಿದ್ದಿರುವಾಗ ಆಟ ನಡೆಯುತ್ತಿರಬೇಕೇ? ನನಗೆ ಮೈಯೆಲ್ಲ ಉರಿದುಹೋಯಿತು. ಕೇಳಿಯೇಬಿಟ್ಟೆ.

"ಬಾಲ್ ಓದ್ರೆ ಎಲ್ರೂ ಬಾಲ್ ಇಂದೆ ಓಯ್ತಾರಮ್ಮಾ. ನಾನು ಕಾಲತ್ರ ಇರ್ತೀನಿ, ನೀನು ಓಗಿ ಕೂತ್ಕೊ."

ಅದನ್ನು ನಾನು ನಂಬಲಿಲ್ಲ. ಇವರು ನೋಡದಿದ್ದರೆ ನಾನಾದರೂ ನೋಡಬೇಕು ಎಂದು ಮೈದಾನದ ಗೋಡೆಯ ಮೇಲೆ ಕೂತೆ. ಮೊದಲರ್ಧ ಪೂರ್ತಿ ಅವಳ ಮೊಣಕಾಲಿನ ಪಟ್ಟಿ ಬಿಟ್ಟು ಬೇರೇನೂ ನೋಡಲಿಲ್ಲ. ಎರಡನೇ ಅರ್ಧದಲ್ಲೂ ಹಾಗೇ. ಮುಗಿಯಲು ಸ್ವಲ್ಪವೇ ಹೊತ್ತಿತ್ತು, ಎರಡೂ ತಂಡದ್ದು ಸೊನ್ನೆ. ಆಗ ಇವಳು ನಡುವಿನಿಂದ ಉದ್ದಕ್ಕೆ ಒಂದು ಪಾಸ್ ಕೊಟ್ಟಳು ನೋಡಿ, ಅಬ್ಬಾ! ಎದುರಾಳಿಗಳಿಬ್ಬರ ನಡುವೆ ನುಸುಳಿ ನಮ್ಮ ತಂಡದ ಇನ್ನೊಬ್ಬ ಹುಡುಗಿಯ ಕಾಲಿಗೆ ಹೋಗಿ ಬಿತ್ತು. ಅವಳು ಒದ್ದಳು, ಚೆಂಡು ಬಲೆಯೊಳಕ್ಕೆ. ಗೋಡೆಯಿಂದ ನೆಗೆದು ಗೋಲ್ ಎಂದು ಕಿರುಚಿದೆ.

ಗೋಲಿಲ್ಲವಂತೆ. ಅವಳು ಒದೆಯುವುದಕ್ಕೆ ಮೊದಲೇ ಸೀಟಿ ಆಗಿತ್ತಂತೆ. ಈ ಮುದುಕನಿಗೆ ಬರಬಾರದ್ದು ಬರ ಎಂದು ಎಲ್ಲರ ಜೊತೆ ನಾನೂ ಬೈದೆ. ಬೈಯುತ್ತ ತಿರುಗಿದರೆ, ಆ ಮುದುಕ ಮೈದಾನದ ನಡುವೆ ಒಂದು ಕೈಯಲ್ಲಿ ಕೆಂಪು ಕಾರ್ಡು ಎತ್ತಿ, ಇನ್ನೊಂದು ಕೈಯಿಂದ ಡಾಕ್ಟರನ್ನು ಕರೆಯುತ್ತಿದ್ದರು. ಅವರ ಕಾಲ ಬಳಿ ಬಿದ್ದಿದ್ದವಳು ನನ್ನ ಮಗಳು.

ಏಟು ಮೊಣಕಾಲಿಗಲ್ಲ, ಕೆಳಗೆ ಕಣಕಾಲಿಗೆ. ಊದಿಕೊಂಡಿತ್ತು, ಅಷ್ಟೆ. ಮನೆಗೆ ಹೋಗುವಾಗ ಆಟೋದಲ್ಲಿ ನನ್ನ ತೊಡೆಯ ಮೇಲೆ ಕಾಲಿಟ್ಟು, ಏಟು ಹೇಗೆ ಬಿತ್ತು, ನೀನಾದರೂ ನೋಡಿದೆಯಲ್ಲ ಎಂದು ಕೇಳಿದಳು. ನಾನು ಐಸು ಒತ್ತುತ್ತಲೇ ಹೇಳಿದೆ.

"ಇಲ್ಲ ಕಣೇ. ನಾನೂ ಬಾಲ್ ನೋಡ್ತಿದ್ದೆ."

ಅವಳು ನನ್ನ ಕಡೆ ಬಾಗಿದಳು.

"ನಾನ್ ಬಿದ್ದಿದ್ನಲ್ಲ, ಕಾಣ್ಲಿಲ್ಲ. ಒಳಕ್ ಓಯ್ತಾ ಅಮ್ಮಾ?"