ಬಾದಾಮಿ ಮರಕ್ಕೆ ಒಂದು ಟಚ್

ಮೊನ್ನೆ ಭಾನುವಾರ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ನನ್ನ ಹಳೆಯ ವಾಟರ್ ಕಲರ್ ಡಬ್ಬಿ ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಘಮ್ಮೆಂದು ಲವಂಗದ ವಾಸನೆ. ಹಾಲಿನಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆಯೆತ್ತದೆ, ಪಲಾವ್ ಮಾಡ್ತಿದ್ದೀಯಾ ಎಂದು ಕೇಳಿದರು. ಪಲಾವೂ ಇಲ್ಲ, ಮಣ್ಣೂ ಇಲ್ಲ. ಬಣ್ಣಕ್ಕೆ ಬೂಷ್ಟು ಹಿಡಿಯದಿರಲಿ ಎಂದು ಡಬ್ಬಿಯೊಳಗೆ ಎರಡು ಲವಂಗ ಹಾಕಿಡುವುದನ್ನು ನನಗೆ ಹೇಳಿಕೊಟ್ಟವರು ನಮ್ಮ ಡ್ರಾಯಿಂಗ್ ಮೇಷ್ಟ್ರು. ಲವಂಗದ ಕೆಳಗೆ ಒಂದು ಫೋಟೋ ಇತ್ತು. ರಸ್ತೆ ಬದಿಯ ಒಂದು ಮರ, ಅದರ ಮೇಲೆಲ್ಲ ನಾನೇ ಸ್ಕೇಲು ಹಿಡಿದು ಎಳೆದ ಪೆನ್ಸಿಲ್ ಚೌಕಗಳು. ತೀರಿಕೊಂಡವರ ನೆನಪಾದರೆ ಕಣ್ಣು ಒದ್ದೆಯಾಗುತ್ತದೆ ಎನ್ನುತ್ತಾರೆ. ನನಗೆ ರೇಗಿತು. ಆ ಮನುಷ್ಯನನ್ನು ನೆನೆದಾಗ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟೇ…

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರು ನಮ್ಮ ಸ್ಕೂಲಿಗೆ ಮೇಷ್ಟ್ರು. ನಾವು ಚಿತ್ರ ಬರೆಯುತ್ತಾ ಕೂತಿದ್ದರೆ ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಒಂದು ನಿಮಿಷ ಸುಮ್ಮನೆ ನೋಡುತ್ತಿದ್ದರು. ಆಮೇಲೆ ಒಂದೇ ಒಂದು ಟಚ್ ಎಂದು ಬ್ರಷ್ ಕಿತ್ತುಕೊಳ್ಳುತ್ತಿದ್ದರು. ಆ ಒಂದು ಟಚ್ ಮುಗಿಯುವ ಹೊತ್ತಿಗೆ ಪೀರಿಯಡ್ ಮುಗಿದು ಗಂಟೆ ಹೊಡೆದಿರುತ್ತಿತ್ತು. ಸ್ಕೂಲುಗಳ ನಡುವಿನ ಸ್ಪರ್ಧೆಗೆ ನಾನು ಬರೆದ ಗಿಳಿಗೂ ಇದೇ ಗತಿಯಾಯಿತು. ರೆಕ್ಕೆ ಅವರದು, ಕಣ್ಣು ಅವರದು, ಕೊಕ್ಕೂ ಅವರದು. ನನ್ನದೆಂದು ಉಳಿದದ್ದು ಗಿಳಿ ಕೂತಿದ್ದ ಕೊಂಬೆ, ಅದೂ ಅರ್ಧ. ಮೊದಲ ಬಹುಮಾನ ಬಂತು.

ನಮ್ಮಮ್ಮ ಆ ಗಿಳಿಗೆ ಕಟ್ಟು ಹಾಕಿಸಿ ಹಾಲಿನಲ್ಲಿ ನೇತುಹಾಕಿದರು. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಗಿಳಿದರ್ಶನ. ನಮ್ಮ ಹುಡುಗಿ ಬರೆದದ್ದು ಎಂದು ಅಮ್ಮ ಹೇಳಿದಾಗಲೆಲ್ಲ ನಾನು ಎದ್ದುಹೋಗಿ ಬಚ್ಚಲುಮನೆಯಲ್ಲಿ ನಿಂತುಕೊಳ್ಳುತ್ತಿದ್ದೆ. ನಾನು ಬರೆದಿಲ್ಲ ಎಂದು ಹೇಳುವ ಧೈರ್ಯವಿರಲಿಲ್ಲ, ಬರೆದೆ ಎಂದು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಇನ್ನೊಬ್ಬರ ಬಹುಮಾನ ಎಷ್ಟು ಭಾರವಾಗುತ್ತದೆ ಎನ್ನುವುದು ದೊಡ್ಡವರಿಗೆ ತಿಳಿಯುವುದಿಲ್ಲ.

ಆಮೇಲೆ ಓದು, ಮದುವೆ, ಕೆಲಸ. ನಾನೂ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆದೆ. ನಲವತ್ತೈದು ದಾಟಿದ ಮೇಲೆ ಬಿಪಿ ಬಂತು, ಮನಸ್ಸಿಗೆ ಹಿಡಿಸುವಂಥದ್ದು ಏನಾದರೂ ಮಾಡಿ ಎಂದರು ಡಾಕ್ಟರು. ರಿಟೈರಾದ ಮೇಷ್ಟ್ರು ಲಕ್ಷ್ಮೀಪುರಂನ ತಮ್ಮ ಮನೆಯ ವರಾಂಡದಲ್ಲಿ ಭಾನುವಾರ ಕ್ಲಾಸು ನಡೆಸುತ್ತಾರೆ ಎಂದು ಗೊತ್ತಾದದ್ದು ಆಗಲೇ. ಮೈಸೂರಿನಲ್ಲಿ ಚಿತ್ರ ಕಲಿಸುವವರು ಬೇರೆ ಇರಲಿಲ್ಲವೇ ಎಂದರೆ, ಬೇಕಾದಷ್ಟು ಜನ ಇದ್ದರು. ಆದರೆ ನನ್ನೊಳಗೊಂದು ಹಟ ಕೂತಿತ್ತು. ಅವರ ಕಣ್ಣೆದುರೇ ಕೂತು ಒಂದು ಚಿತ್ರವನ್ನು ಮೊದಲ ಗೆರೆಯಿಂದ ಕೊನೆಯ ಚುಕ್ಕೆಯವರೆಗೆ ನಾನೇ ಬರೆಯಬೇಕು. ಒಂದು ಸಾಕು. ಹೋದ ದಿನವೇ ಅವರು ನನ್ನ ಮುಖ ನೋಡಿ, ಗಿಳಿ ಹುಡುಗಿ ಅಲ್ವಾ ನೀನು ಎಂದರು. ಮೈಯೆಲ್ಲ ಉರಿದುಹೋಯಿತು.

ಕ್ಲಾಸಿನಲ್ಲಿ ನಾವು ಆರೇಳು ಹೆಂಗಸರು, ಒಬ್ಬರು ರಿಟೈರಾದ ಎಂಜಿನಿಯರು. ಮೇಷ್ಟ್ರು ಒಂದಿಷ್ಟೂ ಬದಲಾಗಿರಲಿಲ್ಲ. ಒಬ್ಬೊಬ್ಬರ ಹಿಂದೆಯೂ ಬಂದು ನಿಲ್ಲುವುದು, ಟಚ್ ಕೊಡುವುದು. ಉಳಿದವರಿಗೆಲ್ಲ ಅದೇ ಖುಷಿ, ಚೆಂದದ ಚಿತ್ರ ಮನೆಗೆ ಹೋಗುತ್ತದಲ್ಲ. ಎಂಜಿನಿಯರಂತೂ ಆಕಾಶಕ್ಕೆ ಒಂದಿಷ್ಟು ನೀಲಿ ಬಳಿದು, ಮಿಕ್ಕಿದ್ದನ್ನು ಮೇಷ್ಟ್ರು ನೋಡಿಕೊಳ್ಳುತ್ತಾರೆ ಬಿಡಿ ಎಂದು ಕಾಲು ಚಾಚಿ ಕೂತುಬಿಡುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ನಾನೂ ಪಾಠ ಮಾಡುವವಳೇ ಸಾರ್, ಲೆಕ್ಕ ಎಲ್ಲಿ ತಪ್ಪಿತು ಎಂದು ಮಕ್ಕಳಿಗೆ ತೋರಿಸುತ್ತೇನೆ, ಲೆಕ್ಕವನ್ನು ನಾನೇ ಮಾಡಿಕೊಡುವುದಿಲ್ಲ ಎಂದು ಒಂದು ದಿನ ಹೇಳಿಯೂ ನೋಡಿದೆ. ನಿಜ, ನಿಜ ಎಂದು ತಲೆಯಾಡಿಸಿದರು. ಹಾಗೆ ತಲೆಯಾಡಿಸುತ್ತಲೇ ನನ್ನ ಕೆರೆಗೆ ನಾಲ್ಕು ಬಾತುಕೋಳಿ ಬಿಟ್ಟರು.

ಆ ವರ್ಷ ದಸರಾ ಹೊತ್ತಿಗೆ ನಮ್ಮ ಬಡಾವಣೆಯ ಮಹಿಳಾ ಸಂಘದವರು ಚಿತ್ರಪ್ರದರ್ಶನ ಇಟ್ಟುಕೊಂಡರು. ವಿಷಯ ಆಟಮ್. ಕರಪತ್ರದಲ್ಲಿ ಅದರ ಕೆಳಗೆ ಶರತ್ಕಾಲ ಎಂದು ಅಚ್ಚುಹಾಕಿಸಿ, ಪಕ್ಕದಲ್ಲಿ ಉದುರುತ್ತಿರುವ ಕೆಂಪು ಎಲೆಗಳನ್ನು ಬಿಡಿಸಿದ್ದರು. ಅದನ್ನು ನೋಡಿ ಮೇಷ್ಟ್ರಿಗೆ ಬಂದ ಕೋಪ ಅಷ್ಟಿಷ್ಟಲ್ಲ. ನಮ್ಮೂರಿನಲ್ಲಿ ಶರತ್ಕಾಲವೆಂದರೆ ನವರಾತ್ರಿ, ಆಗ ಮರಗಳೆಲ್ಲ ಹಸಿರಾಗಿರುತ್ತವೆ, ಎಲೆ ಉದುರುವುದು ಶಿವರಾತ್ರಿಯ ಹತ್ತಿರ, ಇಷ್ಟೂ ತಿಳಿಯದೇ ಎಂದು ಅರ್ಧ ಕ್ಲಾಸು ಅದನ್ನೇ ಕೊರೆದರು. ಆದರೂ ನಮ್ಮ ಹೆಂಗಸರು ಕ್ಯಾಲೆಂಡರ್ ಹರವಿಕೊಂಡು, ಹುಟ್ಟಿದಾಗಿನಿಂದ ಕಂಡಿರದ ಫಾರಿನ್ ಮರಗಳನ್ನು ನೋಡಿಕೊಂಡು ಬರೆದದ್ದೇ ಬರೆದದ್ದು. ಜೀವನದಲ್ಲಿ ಆವತ್ತೊಂದು ದಿನ ನಾನೂ ಮೇಷ್ಟ್ರೂ ಒಂದೇ ಪಕ್ಷ.

ನನ್ನ ಹತ್ತಿರ ಒಂದು ಫೋಟೋ ಇತ್ತು. ಹಿಂದಿನ ಶಿವರಾತ್ರಿ ಸಮಯದಲ್ಲಿ ಯಾದವಗಿರಿ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಾ, ಗಾಡಿ ನಿಲ್ಲಿಸಿ ಮೊಬೈಲಿನಲ್ಲಿ ತೆಗೆದದ್ದು. ರಸ್ತೆ ಬದಿಗೆ ಒಂದು ಬಾದಾಮಿ ಮರ, ಎಲೆಗಳೆಲ್ಲ ಕೆಂಪಾಗಿ ಅರ್ಧ ಮರದ ಮೇಲೆ, ಅರ್ಧ ಫುಟ್‌ಪಾತಿನ ಮೇಲೆ. ಮರದ ಕೆಳಗೆ ಒಂದು ಇಸ್ತ್ರಿ ಗಾಡಿ, ಹಿಂದೆ ಹಳೆಯ ಬಂಗಲೆಯ ಪಾಚಿ ಹಿಡಿದ ಕಾಂಪೌಂಡು. ನಮಗೂ ಎಲೆ ಉದುರುವ ಕಾಲ ಇದೆ, ನೋಡಿ ಎಂದು ತೋರಿಸುವುದಕ್ಕೆ ಇದಕ್ಕಿಂತ ಬೇಕೇ? ಪ್ರಿಂಟ್ ಹಾಕಿಸಿ, ಅಳತೆ ತಪ್ಪದಿರಲೆಂದು ಅದರ ಮೇಲೆ ಚೌಕ ಎಳೆದು, ಬರೆಯಲು ಕೂತೆ.

ಈ ವಾಟರ್ ಕಲರ್ ಇದೆಯಲ್ಲ, ಮಹಾ ಹಟಮಾರಿ. ಬಿಳಿ ಬೇಕಾದ ಕಡೆ ಮೊದಲೇ ಕಾಗದವನ್ನು ಬಿಟ್ಟುಕೊಂಡಿರಬೇಕು, ಆಮೇಲೆ ಬೇಕೆಂದರೆ ಬರುವುದಿಲ್ಲ. ಕೆಂಪು ಒಣಗುವ ಮೊದಲು ಹಸಿರು ಹಚ್ಚಿದರೆ ಎರಡೂ ಕಲೆತು ರಾಡಿ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಹಾಗೆ ನನ್ನ ಬಾದಾಮಿ ಮರ ಒಂದು ಸಲ ಕೋಸಿನ ಹಾಗಾಯಿತು, ಒಂದು ಸಲ ಛತ್ರಿಯ ಹಾಗಾಯಿತು. ಏಳು ಕಾಗದ ಹರಿದೆ. ಮೇಷ್ಟ್ರ ಕೈಗೆ ಸಿಗದಿರಲೆಂದು ಮನೆಯಲ್ಲೇ ಬಾಗಿಲು ಹಾಕಿಕೊಂಡು ಬರೆದೆ. ಎಂಟನೆಯದು ಬಂತು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಕ್ಲಾಸಿಗೆ ತೆಗೆದುಕೊಂಡು ಹೋಗಿ ವರಾಂಡದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟೆ.

ಮೇಷ್ಟ್ರು ಬಂದು ನಿಂತರು. ಬಹಳ ಹೊತ್ತು ನೋಡಿದರು. ಚೆನ್ನಾಗಿ ಬಂದಿದೆ ಎಂದರು. ಅಷ್ಟರಲ್ಲಿ ಬ್ರಷ್ ಹಿಡಿದ ಕೈ ಮುಂದಕ್ಕೆ ಬಂತು.

"ಒಂದೇ ಒಂದ್ ಟಚ್ ಕೊಟ್ಬುಡ್ತೀನಿ ಕಣಮ್ಮ."

ನಾನು ಎರಡೂ ಕೈಯನ್ನು ಚಿತ್ರಕ್ಕೆ ಅಡ್ಡ ಹಿಡಿದೆ. "ಬೇಡ ಸಾರ್. ಇದು ನಂದು."

ಬ್ರಷ್ಷಿನಿಂದ ನೀರು ಅವರ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಅಷ್ಟಕ್ಕೇ ಸುಮ್ಮನಾಗಬಹುದಿತ್ತು, ಆಗಲಿಲ್ಲ. ಎಲ್ಲಿ ಕಮ್ಮಿಯಾಗಿದೆ ಹೇಳಿ, ನಾನೇ ಸರಿಮಾಡುತ್ತೇನೆ ಎಂದೆ. ಅವರು ಚಿತ್ರ ನೋಡಿದರು.

"ಹೇಳಕ್ಕೆ ಬರಲ್ಲ ಕಣಮ್ಮ. ಕೈಗೆ ಗೊತ್ತಾಗುತ್ತೆ, ಅಷ್ಟೆ."

ಹೇಳಲು ಬಾರದವರು ಇಷ್ಟು ವರ್ಷ ಕಲಿಸಿದ್ದಾದರೂ ಏನು ಎಂದು ನಾನು ಕೇಳಿಬಿಟ್ಟೆ. ಎಲ್ಲರೆದುರಿಗೆ ಕೇಳಿದೆ. ಆಯ್ತು ಬುಡಮ್ಮ ಎಂದಷ್ಟೇ ಹೇಳಿ ಅವರು ಎಂಜಿನಿಯರ ಆಕಾಶದ ಕಡೆಗೆ ಹೋದರು.

ಪ್ರದರ್ಶನದಲ್ಲಿ ಬಹುಮಾನ ಒಂದು ಫಾರಿನ್ ಮರಕ್ಕೆ ಹೋಯಿತು. ಹೋಗಲಿ, ಯಾರಿಗೆ ಬೇಕಿತ್ತು. ಬಾದಾಮಿ ಮರದ ಮುಂದೆ ನಿಂತ ಯಾರೋ ಇದು ಯಾರು ಬರೆದದ್ದು ಎಂದಾಗ, ಎಲ್ಲಿಗೂ ಓಡಿಹೋಗದೆ, ನಾನು ಎಂದೆ. ಸಂಜೆ ಮೇಷ್ಟ್ರೂ ಬಂದರು. ನನ್ನ ಚಿತ್ರದ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಹಿಂದಿನಿಂದ ನೋಡುತ್ತೇನೆ, ಬಲಗೈಯ ಮೂರು ಬೆರಳು ಸೇರಿ ಗಾಳಿಯಲ್ಲಿ ಏನೋ ತೀಡುತ್ತಿವೆ! ಅಯ್ಯೋ, ಇವರ ಚಾಳಿ ಹುಟ್ಟುಗುಣ ಎಂದುಕೊಂಡೆ. ಮಾರನೆಯ ದಿನ ಅವರ ಟಚ್ ಬಿದ್ದಿದ್ದ ಅಷ್ಟೂ ಚಿತ್ರಗಳನ್ನು, ಅಮ್ಮನ ಮನೆಯಿಂದ ನನ್ನ ಪಾಲಿಗೆ ಬಂದಿದ್ದ ಆ ಗಿಳಿಯನ್ನೂ ಸೇರಿಸಿ, ಹಳೇ ಪೇಪರಿನವನಿಗೆ ಹಾಕಿಬಿಟ್ಟೆ. ಪೀಡೆ ತೊಲಗಿತು ಅನ್ನಿಸಿತು. ಬಾದಾಮಿ ಮರಕ್ಕೆ ಕಟ್ಟು ಹಾಕಿಸಿದೆ.

ಕ್ಲಾಸಿಗೆ ಮತ್ತೆ ಹೋಗಲಿಲ್ಲ. ಅವರೇ ಫೋನ್ ಮಾಡಲಿ ಎಂದು ನಾನು ಕಾದೆ. ಬಹುಶಃ ಅವರೂ…

ದಿನಾ ಬೆಳಗ್ಗೆ ಆ ಚಿತ್ರದ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದೆ. ಕೆಲವು ತಿಂಗಳಾದ ಮೇಲೆ ನನಗೇ ಅನ್ನಿಸತೊಡಗಿತು, ಇದರಲ್ಲಿ ಏನೋ ಒಂದು ಸಾಲದು. ಮರ ಸರಿಯಿದೆ, ಗಾಡಿ ಸರಿಯಿದೆ. ಫೋಟೋ ಪಕ್ಕದಲ್ಲಿಟ್ಟುಕೊಂಡು ಚೌಕಕ್ಕೆ ಚೌಕ ತಾಳೆ ನೋಡಿದೆ, ಎಲ್ಲವೂ ಸರಿಯಿದೆ. ಎಲ್ಲ ಸ್ಟೆಪ್ಪೂ ಸರಿಯಾಗಿದ್ದು ಉತ್ತರ ಮಾತ್ರ ಬಾರದ ಲೆಕ್ಕದಂತೆ ನನ್ನನ್ನು ಕಾಡಿತು. ಯಜಮಾನರನ್ನು ಕೇಳಿದರೆ, ಚೆನ್ನಾಗೇ ಇದೆ, ಸುಮ್ಮನಿರು ಎಂದರು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ಎರಡು ವರ್ಷ ಜಂಬ ಹೊತ್ತುಕೊಂಡು ತಿರುಗಿ, ಒಂದು ದಿನ ಚಿತ್ರವನ್ನು ಕಟ್ಟಿನಿಂದ ಬಿಚ್ಚಿಸಿ, ಬಣ್ಣದ ಡಬ್ಬಿಯನ್ನೂ ಬ್ಯಾಗಿಗೆ ಹಾಕಿಕೊಂಡು, ಆಟೋ ಹತ್ತಿ ಲಕ್ಷ್ಮೀಪುರಂಗೆ ಹೋದೆ.

ಕ್ಲಾಸು ನಿಂತುಹೋಗಿತ್ತು. ಮೇಷ್ಟ್ರು ವರಾಂಡದ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು, ತುಂಬ ಇಳಿದುಹೋಗಿದ್ದರು. ಅವರ ಮನೆಯವರು ಕಾಫಿ ತಂದಿಟ್ಟು ಒಳಗೆ ಹೋದರು. ಚಿತ್ರವನ್ನು ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು, ಕಣ್ಣ ಹತ್ತಿರ ತಂದುಕೊಂಡರು, ದೂರ ಹಿಡಿದರು. ಎಲ್ಲ ಸರಿಯಾಗೇ ಇದೆಯಲ್ಲ ಎಂದರು. ನಾನು ಬ್ರಷ್ ಒದ್ದೆ ಮಾಡಿ ಅವರ ಮುಂದೆ ಹಿಡಿದೆ.

"ಒಂದೇ ಒಂದ್ ಟಚ್ ಕೊಡಿ ಸಾರ್."

ಬ್ರಷ್ ತೆಗೆದುಕೊಂಡರು. ಬೆರಳ ನಡುವೆ ಒಂದು ಸುತ್ತು ತಿರುಗಿಸಿದರು. ಆಮೇಲೆ ಅದನ್ನು ನನ್ನ ಕೈಗೇ ವಾಪಸ್ಸು ಇಟ್ಟರು.

"ಬೇಡ ಕಣಮ್ಮ. ಇದು ನಿಂದು."

ನಗುತ್ತಲೇ ಹೇಳಿದರು. ನನ್ನ ಮಾತನ್ನೇ ನನಗೆ ತಿರುಗಿಸಿ ರೇಗಿಸಿದರೋ, ಆವತ್ತಿನ ನೋವು ಇನ್ನೂ ಇತ್ತೋ, ಅಥವಾ ನಿಜವಾಗಿಯೂ ಆ ಚಿತ್ರಕ್ಕೆ ಇನ್ನೇನೂ ಬೇಡ ಅನ್ನಿಸಿತೋ, ಇವತ್ತಿನವರೆಗೂ ನನಗೆ ಗೊತ್ತಾಗಿಲ್ಲ. ಬಾಯಿಬಿಟ್ಟು ಹೇಳಬಾರದಿತ್ತೇ ಆ ಮಹಾನುಭಾವರು! ತಪ್ಪಾಯಿತು ಸಾರ್ ಎಂದು ನಾನಾದರೂ ಹೇಳಬೇಕಾಗಿತ್ತು. ಸೊಳ್ಳೆ ಕಾಟದ ಬಗ್ಗೆ, ನಲ್ಲಿ ನೀರಿನ ಬಗ್ಗೆ ಮಾತಾಡಿ ಎದ್ದು ಬಂದೆ. ಮುಂದಿನ ಯುಗಾದಿಗೆ ಅವರಿರಲಿಲ್ಲ. ಎಂಜಿನಿಯರು ಫೋನ್ ಮಾಡಿ ಹೇಳಿದರು, ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಡಬ್ಬಿ ಸಿಕ್ಕಿದ ಮೇಲೆ ಇಡೀ ಮಧ್ಯಾಹ್ನ ಮನೆಯೆಲ್ಲ ತಡಕಾಡಿದೆ. ಬೀರುವಿನ ಮೇಲೆ ನೋಡಿದೆ, ಹಾಸಿಗೆಯ ಕೆಳಗೆ ನೋಡಿದೆ, ಹಳೆಯ ಪಠ್ಯಪುಸ್ತಕಗಳ ಹಾಳೆ ಹಾಳೆ ಬಿಡಿಸಿದೆ. ಆ ಹಳೆಯ ಚಿತ್ರಗಳಲ್ಲಿ ಒಂದಾದರೂ, ಒಂದು ಹರಿದ ತುಂಡಾದರೂ, ನನ್ನ ಕಣ್ಣು ತಪ್ಪಿಸಿ ಉಳಿದುಕೊಂಡಿರಬಹುದು ಎಂಬ ಆಸೆ. ಏನು ಹುಡುಕ್ತಿದ್ದೀಯೇ ಎಂದು ಯಜಮಾನರು ಮೂರು ಸಲ ಕೇಳಿದರು, ಮೂರು ಸಲವೂ ಅವರ ಮೇಲೆ ಹರಿಹಾಯ್ದೆ. ಏನೂ ಸಿಗಲಿಲ್ಲ. ನನ್ನ ಹಟ ಗೆದ್ದಿತ್ತು. ಈ ಮನೆಯಲ್ಲಿ ಉಳಿದಿರುವುದು ಬಾದಾಮಿ ಮರ ಒಂದೇ, ಅದರಲ್ಲಿ ಮೇಷ್ಟ್ರ ಕೈ ಒಂದು ಚುಕ್ಕೆಯಷ್ಟೂ ಇಲ್ಲ.