ನೋಲಾ ಅವರ ಎರಡನೇ ಬ್ಯಾಟರಿ

ಮರುಭೂಮಿಯಂಚಿನ ಪುಟ್ಟ ಊರು ಬೂಲಿಯಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಎಪ್ಪತ್ತೊಂದರ ನೋಲಾ ಹ್ಯಾಂಕಿನ್ ತಗಡಿನ ಶೆಡ್ಡಿನ ಮುಂದೆ ನಿಂತ ಹಳೇ ಜೀಪಿನ ಹಿಂಬಾಗಿಲು ತೆರೆದು, ಒಳಗಿನ ಪೆಟ್ಟಿಗೆಯಂಥ ಫ್ರಿಜ್ಜಿನ ತಂತಿಗೆ ಸಿಕ್ಕಿಸಿದ ಮೀಟರನ್ನು ಟಾರ್ಚ್ ಹಿಡಿದು ಓದುತ್ತಾರೆ. ಸೀಮೆಸುಣ್ಣದಲ್ಲಿ ಶೆಡ್ಡಿನ ಬಾಗಿಲ ಮೇಲೆ ಬರೆಯುತ್ತಾರೆ: ಅರವತ್ತೆರಡು ಆಂಪ್-ಅವರ್. ಒಂದು ಹಗಲು, ಒಂದು ರಾತ್ರಿ ಫ್ರಿಜ್ಜು ಕುಡಿದ ಕರೆಂಟು ಅದು. ನಲವತ್ತು ವರ್ಷ ಊರವರ, ದಾರಿಹೋಕರ ಗಾಡಿಗಳಿಗೆ ಫ್ರಿಜ್ಜಿನ ಬ್ಯಾಟರಿ ಕೂರಿಸುತ್ತ ಹೀಗೆ ಬರೆದ ಕೈ, ಇವತ್ತು ಮೊದಲ ಸಲ ಸ್ವಂತ ಗಾಡಿಗೆ ಬರೆದಿದೆ.

"ಮುಂದಿನ ವರ್ಷ ಗಾಡಿ ಓಡಿಸೋ ಹಾಗಿಲ್ಲ ಅಂದಿದ್ದಾರೆ ಕಣ್ಣಿನ ಡಾಕ್ಟರು. ಈ ಚಳಿಗಾಲ ತಪ್ಪಿದ್ರೆ ಮುಗೀತು," ಎನ್ನುತ್ತಾರೆ.

ಬ್ಯಾಟರಿ ಬೇಕೆಂದು ಬಂದವರಿಗೆ ನೋಲಾ ಸೀದಾ ಬ್ಯಾಟರಿ ಕೊಡುವವರಲ್ಲ. ಪ್ರಯಾಣಕ್ಕೆ ತುಂಬುವಂತೆಯೇ ಫ್ರಿಜ್ಜು ತುಂಬಿ, ಗಾಡಿಯನ್ನು ಅವರ ಅಂಗಳದ ಬಿಸಿಲಲ್ಲಿ ಒಂದು ದಿನ ಬಿಟ್ಟುಹೋಗಬೇಕು. ಎಂಜಿನ್ ಮುಟ್ಟುವಂತಿಲ್ಲ. ಮೀಟರು ತೋರಿಸಿದ್ದಕ್ಕೆ ತಕ್ಕ ಬ್ಯಾಟರಿ ಆಮೇಲೆ. ಹತ್ತೊಂಬತ್ತು ವರ್ಷದ ಹಿಂದೆ, ಇಲ್ಲಿನ ಅಂಚೆ ಕಚೇರಿಗೆ ಹೊಸದಾಗಿ ಬಂದ ನಾನು ಖಾಲಿ ಫ್ರಿಜ್ಜು ಹೊತ್ತುಕೊಂಡು ಹೋಗಿದ್ದೆ. "ಮರುಭೂಮಿಗೆ ಹೋಗಿ ಗಾಳಿ ತಿಂತೀಯಾ ಮಾರಾಯ? ಹೋಗು, ಮಾಂಸ, ಬಿಯರು ತುಂಬಿಸ್ಕೊಂಡು ಬಾ!" ಎಂದು ಅಟ್ಟಿದ್ದರು. ಊರೆಲ್ಲ ಒಂದು ತಿಂಗಳು ನನ್ನನ್ನು ಆಡಿಕೊಂಡಿತು. ಆ ಬೈಗುಳ ನೆನೆದರೆ ಈಗಲೂ ಖುಷಿಯಾಗುತ್ತದೆ ನೋಡಿ.

ಈ ಶಿಸ್ತಿನ ಹಿಂದೆ ಅವರ ಗಂಡ ಕೆವ್ ಇದ್ದಾರೆ. ೧೯೮೪. ನೋಲಾ ದೂರದ ದನಗಾವಲಿನಲ್ಲಿ ಅಡುಗೆಯವರು, ಕೆವ್ ಬೇಲಿ ಹಾಕುವವರು. ಮದುವೆಯಾಗಿ ಒಂದು ವರ್ಷ ತುಂಬಿತ್ತೆಂದು ಪೇಟೆಯಿಂದ ಹೆಂಡತಿಗೆ ಐಸ್‌ಕ್ರೀಂ ಕೊಂಡು, ಗಾಡಿಯ ಒಂದೇ ಬ್ಯಾಟರಿಗೆ ಫ್ರಿಜ್ಜು ಸಿಕ್ಕಿಸಿಕೊಂಡು ಹೊರಟವರು, ದಾರಿಯ ಒಣಹಳ್ಳದಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಎದ್ದರು.

"ಐಸ್‌ಕ್ರೀಂ ಇನ್ನೂ ಗಟ್ಟಿ, ಗಾಡಿ ಮಾತ್ರ ಕಮಕ್ ಕಿಮಕ್ ಅನ್ತಿಲ್ಲ! ಕರೆಂಟೆಲ್ಲ ಫ್ರಿಜ್ಜೇ ಕುಡಿದಿತ್ತು. ಮೂರು ದಿನ ಮರದ ಬುಡದಲ್ಲಿ ಕೂತು, ನೀರು ಮುಗಿದ್ಮೇಲೆ ಕರಗಿದ ಐಸ್‌ಕ್ರೀಂ ಕುಡಿದು ಜೀವ ಹಿಡ್ಕೊಂಡಿದ್ದ ಪುಣ್ಯಾತ್ಮ. ಟಪಾಲಿನ ಲಾರಿಯವನು ಕರ್ಕೊಂಡು ಬಂದ. ನಾನು ಅಳ್ತಾ ಓಡಿಹೋದ್ರೆ, ಖಾಲಿ ಡಬ್ಬಿ ಕೈಗಿಟ್ಟು 'ಚೆನ್ನಾಗಿತ್ತು ಕಣೇ' ಅಂದ!" ನೋಲಾ ನಗುತ್ತಾರೆ, ನಗುತ್ತಲೇ ಗ್ರೀಸ್ ಹತ್ತಿದ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಆ ವಾರವೇ ಅವರು ತಂತಿ ಜೋಡಿಸುವುದನ್ನು ಕಲಿಯಲು ಕೂತರು. ಎಂಜಿನ್ನಿಗೆ ಒಂದು ಬ್ಯಾಟರಿ, ಫ್ರಿಜ್ಜಿಗೆ ಬೇರೆಯದೇ ಒಂದು. ಅದೇ ಹಳ್ಳದಲ್ಲಿ ಇಬ್ಬರೂ ಕೂತು ಐಸ್‌ಕ್ರೀಂ ತಿನ್ನಬೇಕೆಂದು ಪ್ರತಿ ಚಳಿಗಾಲ ಅಂದುಕೊಂಡರು. ಪ್ರತಿ ಚಳಿಗಾಲ ಅಂಗಳದಲ್ಲಿ ಯಾರದೋ ಗಾಡಿ ಕಾಯುತ್ತಿತ್ತು. ಕೆವ್ ತೀರಿಹೋಗಿ ನಾಲ್ಕು ವರ್ಷವಾಯಿತು.

ಈಗ ಸೀಟಿನ ಹಿಂದೆ ಕೂತಿರುವುದು ನೂರು ಆಂಪ್-ಅವರಿನ ಲಿಥಿಯಂ ಬ್ಯಾಟರಿ. ಇದನ್ನು "ಪಟ್ಟಣದವರ ಷೋಕಿ" ಎಂದು ಜರೆಯುತ್ತಿದ್ದವರು ಇವರೇ! ರಸ್ತೆ ಸಮ ಮಾಡುವ ಡೆಸ್ ಕೆಣಕದೆ ಬಿಟ್ಟಾನೆಯೇ?

"ಏನು ನೋಲಾಕ್ಕ, ಕೊನೆಗೂ ಷೋಕಿಗೆ ಬಿದ್ದೆಯಾ?"

"ಸೊಂಟ ಬಿದ್ದುಹೋಯ್ತು ಕಣೋ. ಹಳೇ ಸೀಸದ ಬ್ಯಾಟರಿ ಮೂವತ್ತು ಕಿಲೋ, ಅದ್ರಲ್ಲಿ ಅರ್ಧ ಕರೆಂಟು ಮಾತ್ರ ತೆಗೀಬಹುದು. ಇದು ಹನ್ನೆರಡು ಕಿಲೋ, ಹೆಚ್ಚುಕಮ್ಮಿ ಪೂರ್ತಿ ಕೊಡುತ್ತೆ. ಬಾನೆಟ್ಟಿನ ಕಾವಿಗೆ ಮಾತ್ರ ಇಡಬಾರದು, ಕೆಟ್ಟುಹೋಗುತ್ತೆ."

ಬರೀ ಹಾಲು, ಮಾಂಸಕ್ಕಾದರೆ ದಿನಕ್ಕೆ ಮೂವತ್ತು ಸಾಕಿತ್ತು. ಐಸ್‌ಕ್ರೀಂ ಗಟ್ಟಿಯಾಗಿರಬೇಕಲ್ಲ, ಅದಕ್ಕೇ ಅರವತ್ತೆರಡು. ಎಂಜಿನ್ ನಿಲ್ಲಿಸಿ ಹಳ್ಳದಲ್ಲಿ ಒಂದು ದಿನ ಇರಬಹುದು. "ಅವನು ಮೂರು ದಿನ ಇದ್ದ. ನನಗೆ ಒಂದು ಸಾಕು."

ನೋಲಾ ಫ್ರಿಜ್ಜಿನ ಮುಚ್ಚಳ ತೆರೆದು ಡಬ್ಬಿಯೊಳಗೆ ಚಮಚದಿಂದ ಕುಟ್ಟುತ್ತಾರೆ. ಟಕ್ ಟಕ್. ಮುಖ ಅರಳುತ್ತದೆ.

"ಆ ಮರದ ಕೆಳಗೆ ಕೂತು ಒಬ್ಬಳೇ ಎಲ್ಲಾ ತಿನ್ಬೇಕು. ಖಾಲಿ ಡಬ್ಬಿ ಎತ್ತಿ ತೋರಿಸಿ 'ಚೆನ್ನಾಗಿತ್ತು ಕಣೋ' ಅನ್ಬೇಕು. ಆಮೇಲೆ ಕೀಲಿ ತಿರುಗಿಸಿದ ಕೂಡ್ಲೇ ಗಾಡಿ ಶುರುವಾಗ್ಬೇಕು. ಅಷ್ಟೇ ನನ್ನಾಸೆ."