ಅಂಗಿಗುಂಡಿಯೆಂಬ ಅಪವಾದ

ದಪ್ಪ ಕನ್ನಡಕ ಹಾಕಿಕೊಂಡವನು ಏನನ್ನು ಬೇಕಾದರೂ ಓದಬಲ್ಲನೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಪಾಂಡವಪುರದಲ್ಲಿ ಇತಿಹಾಸದ ಮೇಷ್ಟರಾಗಿ ನಿವೃತ್ತನಾದ ನನ್ನ ಬಳಿಗೆ ಔಷಧದ ಚೀಟಿಯಿಂದ ಹಿಡಿದು ಹೊಲದ ಪಹಣಿಯವರೆಗೆ ಎಲ್ಲವೂ ಬರುತ್ತವೆ. ಶ್ರೀರಂಗಪಟ್ಟಣದ ಹೊಳೆಯ ಮರಳಲ್ಲಿ ಸಿಕ್ಕ, ಆನೆ ಚಿತ್ರದ ತಾಮ್ರದ ಕಾಸುಗಳೂ ಬರುತ್ತವೆ. ಆನೆಯನ್ನು ಗುರುತಿಸಲು ವಿದ್ವತ್ತು ಬೇಕಿಲ್ಲವಾದ್ದರಿಂದ, ನಾಣ್ಯಶಾಸ್ತ್ರಜ್ಞನೆಂಬ ನನ್ನ ಕೀರ್ತಿ ಬಹುಕಾಲ ಅಬಾಧಿತವಾಗಿಯೇ ಇತ್ತು.

ಅದಕ್ಕೆ ಸಂಚಕಾರ ಬಂದದ್ದು ಬೂಕನಕೆರೆಯ ಅಣ್ಣನ ಮನೆಯಲ್ಲಿ. ಅತ್ತಿಗೆಯ ದೇವರ ಪೆಟ್ಟಿಗೆಯಲ್ಲಿ, ಮದುವೆಯಾದಾಗ ಅವರಜ್ಜಿ ನಾಗಮಂಗಲದ ತವರಿನಿಂದ ಕೊಟ್ಟು ಕಳಿಸಿದ ಪುಟ್ಟ ಕಂಚಿನ ಬಿಲ್ಲೆಯೊಂದಿದೆ. ನಲವತ್ತು ವರ್ಷಗಳಿಂದ ಪ್ರತಿ ಶುಕ್ರವಾರ ಅದಕ್ಕೆ ಪೂಜೆ. "ಅಂಗಿ ಗುಂಡಿಗೆ ಪೂಜೆ ಮಾಡ್ತಾವ್ಳೆ ಕಣ್ಲಾ ನಿಮ್ಮತ್ಗೆ," ಎಂದು ಅಣ್ಣ ನೆಂಟರೆದುರೇ ನಕ್ಕುಬಿಟ್ಟ. ಅತ್ತಿಗೆ ನಗಲಿಲ್ಲ. ಮರುದಿನ ಬಿಲ್ಲೆಯನ್ನು ನನ್ನ ಕೈಗಿಟ್ಟು, "ಗುಂಡಿನೋ ದುಡ್ಡೋ ನೋಡಿ ಏಳಪ್ಪ. ಗುಂಡಿ ಆದ್ರೆ ನಂಗೊಬ್ಳಿಗೇ ಏಳು," ಎಂದರು.

ಗಾತ್ರ ನೋಡಿದೊಡನೆ, ಇದು ರೋಮಿನ ಕೊನೆಗಾಲದ ಕಂಚಿನ ನಾಣ್ಯವಿರಬಹುದೆಂಬ ಶಂಕೆ ಬಂತು. ತಮಿಳುನಾಡಿನ ಹೊಳೆದಂಡೆಗಳಲ್ಲಿ ಅಂಥವು ಸಿಕ್ಕಿವೆ. ಅವುಗಳಲ್ಲಿ ಮೊದಲು ಸವೆಯುವುದು ಅಕ್ಷರ, ಆಮೇಲೆ ಚಕ್ರವರ್ತಿಯ ಮೂಗು. ಹಿಂಬದಿಯ ಚಿತ್ರವೊಂದೇ ಗತಿ: ಕೋಟೆಯ ಬಾಗಿಲೋ, ಕುದುರೆಯಿಂದ ಬಿದ್ದ ಶತ್ರುವೋ, ಧ್ವಜದ ಪಕ್ಕ ನಿಂತ ಸೈನಿಕರೋ ಕಂಡರೆ ಕಾಲವನ್ನು ಹೇಳಬಹುದು. ನಾನಾದರೋ ಅರಿಶಿನ ಕುಂಕುಮ ವಿಭೂತಿಗಳ ಮೆತ್ತನ್ನೆಲ್ಲ ಅಜ್ಞಾನದ ಕೊಳೆಯೆಂದು ತೀರ್ಮಾನಿಸಿ, ನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿದೆ. ಉಳಿದದ್ದು ನನ್ನ ತಲೆಯಷ್ಟೇ ನುಣುಪಾದ ಬಿಲ್ಲೆ. ವಾರವಿಡೀ ಭೂತಗನ್ನಡಿ ಹಿಡಿದರೂ ಏನೂ ಕಾಣಲಿಲ್ಲ.

ಶುಕ್ರವಾರ ಸೋಲೊಪ್ಪಿಕೊಂಡು ಹಿಂದಿರುಗಿಸಿದೆ. ಅತ್ತಿಗೆ ಅದನ್ನು ತೊಳೆದು ಒರೆಸಿ, ಎಂದಿನಂತೆ ವಿಭೂತಿ ಬಳಿದು, ಹೆಚ್ಚಾದದ್ದನ್ನು ಹೆಬ್ಬೆರಳಿನಿಂದ ತೀಡಿ ತೆಗೆದರು. ಹಳೆಯ ಮೆತ್ತು ಹೋಗಿದ್ದ ತಗ್ಗುಗಳಲ್ಲಿ ಪುಡಿ ಬೆಳ್ಳಗೆ ನಿಂತಿತು, ಉಬ್ಬುಗಳು ಕಪ್ಪಗೆ ಮೇಲೆದ್ದವು: ಈಟಿ ಹಿಡಿದ ಇಬ್ಬರು, ನಡುವೆ ಒಂದು ಧ್ವಜ. ಪೂಜೆ ಮುಗಿಯುವವರೆಗೆ ಕಾಯುವ ವ್ಯವಧಾನ ನನಗಿರಲಿಲ್ಲ.

"ಗುಂಡಿ ಅಲ್ಲ ಅತ್ಗಮ್ಮ, ದುಡ್ಡೇ! ಸಾವಿರದ ಆರುನೂರು ವರ್ಸಕ್ಕೂ ಹಳೇ ರೋಮಿನ ದುಡ್ಡು. ಇವ್ರಿಬ್ರೂ ಸಿಪಾಯಿಗಳು," ಎಂದು ಅಣ್ಣನಿಗೂ ಕೇಳುವಂತೆ ಕೂಗಿದೆ.

ಅಣ್ಣ ಪೇಪರಿನ ಮರೆಗೆ ಸರಿದ. ಅತ್ತಿಗೆ ನಾಣ್ಯವನ್ನೇ ನೋಡುತ್ತ, "ಅಷ್ಟ್ ಕಾಲದಿಂದ ನಿಂತ್ಕಂಡೇ ಅವ್ರಾ? ನಂಗೆ ಗೊತ್ತೇ ಆಗ್ಲಿಲ್ವಲ್ಲ," ಎಂದು ಮರುಗಿ, ತಟ್ಟೆಯಲ್ಲಿದ್ದ ಒಂದೇ ಬೆಲ್ಲದಚ್ಚನ್ನು ಎರಡು ತುಂಡು ಮಾಡಿ ಇಬ್ಬರು ಸಿಪಾಯಿಗಳ ಮುಂದೆಯೂ ಇಟ್ಟರು.